ತೊಗರಿ ಗಂಜ್ ಮಾರುಕಟ್ಟೆಗೆ ಹೋಗುವ ಮುಂಚೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಹವಾಮಾನ ಕೆಟ್ಟಿದೆ, ನಮ್ಮ ಭಾಗಕ್ಕೆ ನಮ್ಮದೇ ಆರ್ಥಿಕತೆ ಕಟ್ಟಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿರಿ. ನನ್ನದು ಆರು ಎಕರೆ ತೊಗರಿ. 2023ರಲ್ಲಿ ಮಳೆಯೇ ಇಲ್ಲ. 2025ರಲ್ಲಿ ಹೊಲದ ತುಂಬಾ ನೀರು. ಮಗ ಪುಣೆಗೆ ಹೋದ. ದೊಡ್ಡ ಫ್ಯಾಕ್ಟರಿ ಬರದೆ ಇಲ್ಲೇನೂ ಆಗಲ್ಲ. ರೊಟ್ಟಿ, ಸಿರಿಧಾನ್ಯ ಅಂತ ಹೇಳಿ ನಮ್ಮ ಹೊಟ್ಟೆ ತುಂಬಿಸಬೇಡಿ."

ಶರಣ್ರಿ. ರೊಟ್ಟಿಯಿಂದ ಹೊಟ್ಟೆ ತುಂಬಿಸಬೇಡಿ ಅಂತ ಕಲಬುರಗಿ ಕಡೆಯವರು ಬರೆದದ್ದನ್ನು ನಾನು ಓದಿದ್ದು ಇದೇ ಮೊದಲು! ಸಿಟ್ಟು ಮಾತ್ರ ಸರಿಯಾಗೇ ಇದೆ.

ಫ್ಯಾಕ್ಟರಿ ವಿಷಯ ಮೊದಲು ಮುಗಿಸುತ್ತೇನೆ. ವಾಡಿ, ಶಹಾಬಾದ, ಸೇಡಂ ಕಡೆ ಸಿಮೆಂಟ್ ಚಿಮಣಿಗಳು ಎದ್ದು ಬಹಳ ವರ್ಷವಾಯಿತು. ಕೆಲಸ ಸಿಕ್ಕಿದೆ, ಇಲ್ಲ ಎನ್ನಲಾರೆ. ಆದರೆ ಸುಣ್ಣದ ಕಲ್ಲು ಸುಟ್ಟರೆ ಉರುವಲಿನ ಹೊಗೆಯ ಜೊತೆಗೆ ಆ ಕಲ್ಲಿನೊಳಗಿನ ಇಂಗಾಲವೂ ಅನಿಲವಾಗಿ ಗಾಳಿಗೆ ಸೇರುತ್ತದೆ. ಭೂಮಿಯ ಬಿಸಿ ಹೆಚ್ಚಿಸುವ ಅನಿಲ ಅದೇ. ಇಷ್ಟಾಗಿಯೂ ಗುಳೆ ಹೋಗುವವರ ಬಸ್ಸು ಇನ್ನೂ ತುಂಬಿಯೇ ಹೊರಡುತ್ತದೆ.

ಈಗ ನಿಮ್ಮ ಆರು ಎಕರೆಗೆ ಬರುತ್ತೇನೆ. 2022ರಲ್ಲಿ ನಮ್ಮ ಅಣ್ಣನ ಹೊಲದಲ್ಲಿ ತೊಗರಿ ಹೂ ಬಿಟ್ಟು ಚೆನ್ನಾಗಿಯೇ ನಿಂತಿತ್ತು. ಹದಿನೈದು ದಿನ ಬಿಟ್ಟು ಹೋದರೆ ಅಲ್ಲೊಂದು ಇಲ್ಲೊಂದು ಗಿಡ ಬಾಡಿದೆ. ಅಣ್ಣ ಒಂದನ್ನು ಕಿತ್ತು, ಕುಡಗೋಲಿನಿಂದ ಕಾಂಡ ಸೀಳಿ ತೋರಿಸಿದ. ಒಳಗೆ ಉದ್ದಕ್ಕೂ ಕಪ್ಪು ಗೆರೆ. ನೆಟೆ ರೋಗ. ಆ ವರ್ಷ ಜಿಲ್ಲೆಯಲ್ಲಿ ಎಷ್ಟು ಹೊಲ ಹಾಗೆ ನಿಂತಲ್ಲೇ ಒಣಗಿದವು ಅನ್ನುವುದು ನಿಮಗೆ ಗೊತ್ತೇ ಇದೆ. ಇದು ಮಣ್ಣಲ್ಲಿರುವ ಶಿಲೀಂಧ್ರ. ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿ ಬಿತ್ತಿದರೆ ಅದಕ್ಕೆ ವರ್ಷವೂ ಹಬ್ಬ.

ಜೋಳದ ಜೊತೆ ಬೆಳೆದ ತೊಗರಿಗೆ ನೆಟೆ ಹತ್ತುವುದು ಕಡಿಮೆ ಎಂದು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯವರು ಬೆಳೆಸಿ ನೋಡಿ ಬಹಳ ಹಿಂದೆಯೇ ಹೇಳಿದ್ದಾರೆ. ನಮ್ಮ ಅಜ್ಜ ಯಾವ ಪ್ರಯೋಗ ಮಾಡದೆಯೂ ಸಾಲು ಬಿಟ್ಟು ಸಾಲು ಜೋಳ, ಹೆಸರು, ಎಳ್ಳು ಹಾಕುತ್ತಿದ್ದ. ಹೆಸರು ಮೊದಲು ಮನೆಗೆ ಬರುತ್ತಿತ್ತು, ಆಮೇಲೆ ಜೋಳ. ತೊಗರಿ ಬರುವಾಗ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು. ಈಗ ನಮ್ಮದೆಲ್ಲ ಒಂದೇ ಬೆಳೆ, ಒಂದೇ ತಿಂಗಳ ದುಡ್ಡು. ಮಳೆ ಎರಡು ವಾರ ಆಚೀಚೆ ಆದರೆ ಇಡೀ ಜಿಲ್ಲೆಯೇ ಸಾಲಕ್ಕೆ ಬೀಳುತ್ತದೆ. ನಮ್ಮದೇ ಆರ್ಥಿಕತೆ ಎಂದು ನಾನು ಬರೆದದ್ದು ಇದನ್ನು ನೋಡಿಯೇ. ಆ ಪದ ಸ್ವಲ್ಪ ದೊಡ್ಡದಾಯಿತು, ಒಪ್ಪುತ್ತೇನೆ.

ಇನ್ನು ಮಾರಾಟ. ಡಿಸೆಂಬರ್, ಜನವರಿಯಲ್ಲಿ ಎಲ್ಲರ ಚೀಲವೂ ಒಟ್ಟಿಗೇ ಗಂಜ್ ಮಾರುಕಟ್ಟೆಗೆ ಬರುತ್ತವೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆದರೆ ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಸುಂಕವಿಲ್ಲದೆ ತೊಗರಿ ಬರುವಾಗ ಅಡತ್ (ಕಮಿಷನ್ ವ್ಯಾಪಾರದ) ಅಂಗಡಿಯವರು ಆ ಬೆಲೆಯನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ? ಗೋದಾಮಿನಲ್ಲಿಟ್ಟು ಅಡಮಾನ ಸಾಲ ತಗೊಂಡು ಎರಡು ಮೂರು ತಿಂಗಳು ಕಾಯುವ ದಾರಿ ಇದೆ. ಒಬ್ಬರೇ ಹೋದರೆ ಕಾಗದಪತ್ರದಲ್ಲೇ ಸುಸ್ತು. ಹತ್ತಿಪ್ಪತ್ತು ಜನ ಸೇರಿದರೆ ಆಗುತ್ತದೆ. ಸೇರಿದವರು ಊರಲ್ಲೇ ಬೇಳೆ ಮಾಡಿಸಿದರೆ ಕ್ವಿಂಟಲ್ ತೊಗರಿಗೆ ಸುಮಾರು 70 ಕಿಲೋ ಬೇಳೆ ಬರುತ್ತದೆ. ಉಳಿದ ಹೊಟ್ಟು, ನುಚ್ಚು ದನಕ್ಕೆ. ತೊಗರಿ ಊರು ಬಿಟ್ಟರೆ ಆ ಹೊಟ್ಟು, ಬೇಳೆ ಮಾಡುವ ಕೆಲಸ ಎರಡೂ ಅದರ ಜೊತೆ ಹೋದ ಹಾಗೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಭಾಗದ ಬೆಳೆ ಎನ್ನುವ ಅಧಿಕೃತ ಗುರುತು ಸಿಕ್ಕಿತು. ಆ ಹೆಸರಿನ ಲಾಭ ಪೊಟ್ಟಣ ಕಟ್ಟಿ ಮಾರುವವರಿಗೆ. ಚೀಲದಲ್ಲಿ ಸುರಿದು ಬರುವವರಿಗೆ ಏನಿದೆ?

ರೊಟ್ಟಿಯನ್ನು ನೀವು ಅಷ್ಟು ಹಗುರ ಮಾಡಬೇಡಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಟ್ಟಿದ ಖಡಕ್ ರೊಟ್ಟಿ ಈಗ 'ಕಲಬುರಗಿ ರೊಟ್ಟಿ' ಅನ್ನುವ ಹೆಸರಲ್ಲೇ ಹೊರಗೆ ಹೋಗುತ್ತಿದೆ. ಅಂಥ ಒಂದು ಮನೆಗೆ ಹೋಗಿದ್ದೆ. ಬೆಳಿಗ್ಗೆ ಆರಕ್ಕೇ ಮೂರು ಒಲೆ, ಪಟಪಟ ಸಪ್ಪಳ. ಜೋಳ ಎಲ್ಲಿಂದ ಎಂದು ಕೇಳಿದೆ. "ಪ್ಯಾಟಿಯಿಂದ ತರ್ತೀವ್ರಿ, ನಮ್ಮೂರಾಗ ಯಾರ್ ಬಿತ್ತತಾರ?" ಅಂದರು. ನನಗೆ ಕಂಡ ತೂತು ಇದು. ಹೊಲಕ್ಕೆ ಜೋಳ ಬೇಕು, ಒಲೆಗೂ ಜೋಳ ಬೇಕು, ಊರಲ್ಲಿ ಜೋಳ ಇಲ್ಲ.

ಮಗನನ್ನು ಪುಣೆಯಿಂದ ವಾಪಸ್ ಕರೆಸಿ ಎಂದು ನಾನು ಹೇಳುವುದಿಲ್ಲ. ಆರು ಎಕರೆಯ ಲೆಕ್ಕ ನನಗೂ ಗೊತ್ತು. ಬರುವ ಮುಂಗಾರಿಗೆ ಎರಡೇ ಎಕರೆಯಲ್ಲಿ ತೊಗರಿ ಸಾಲಿನ ನಡುವೆ ಜೋಳ ಹಾಕಿ ನೋಡಿ. ರಾಶಿ ಮಶೀನಿಗೆ ತೊಂದರೆ ಅನ್ನಬೇಡಿ, ತೊಗರಿಗಿಂತ ಮೊದಲೇ ಜೋಳ ಕೊಯ್ಲಿಗೆ ಬರುತ್ತದೆ. ಕೈಯಲ್ಲೇ ಕೊಯ್ಯಬೇಕು, ಆ ಕೂಲಿ ಖರ್ಚು ನಿಜ. ಕಣಿಕೆ, ಅಂದರೆ ಜೋಳದ ದಂಟು, ದನಕ್ಕಾಗುತ್ತದೆ.

ಇನ್ನೊಂದು ಮಾತು. ನೀವೊಬ್ಬರೇ ಬಿತ್ತಬೇಡಿ. ಊರಿಗೆಲ್ಲ ಒಂದೇ ಹೊಲದಲ್ಲಿ ಜೋಳ ಇದ್ದರೆ ಸುತ್ತಲಿನ ಹಕ್ಕಿಯೆಲ್ಲ ಅಲ್ಲಿಗೇ ಬರುತ್ತವೆ, ತೆನೆಯಲ್ಲಿ ಕಾಳು ಉಳಿಯಲ್ಲ. ಜೋಳ ಬಿಟ್ಟಿದ್ದು ಯಾಕೆ ಎಂದು ಕೇಳಿದರೆ ನಮ್ಮ ಅಣ್ಣ ಮೊದಲು ಹೇಳುವುದು ಇದನ್ನೇ. ಪಕ್ಕದ ನಾಲ್ಕು ಹೊಲದವರನ್ನೂ ಹಚ್ಚಿಕೊಳ್ಳಿ. ಅವರು ಒಪ್ಪದಿದ್ದರೆ ನನಗೆ ಬರೆಯಿರಿ, ಒಂದು ಭಾನುವಾರ ನಾನೇ ಬರುತ್ತೇನೆ.