ಮಕ್ಕಳ ಮೇ ರಜೆಯಲ್ಲಿ ಸಣ್ಣ ವಿಮಾನ ಬಾಡಿಗೆಗೆ ಹಿಡಿದು ಬೀದರ್, ಶಹಾಪುರದ ಬುದ್ಧ ಮಲಗಿದ ಬೆಟ್ಟ, ನಾರಾಯಣಪುರ ನೋಡಬೇಕು. ವಿಮಾನವೋ ಹೆಲಿಕಾಪ್ಟರೋ? ಹೇಗೆ ಪ್ಲಾನ್ ಮಾಡಲಿ?

ಮೇ ತಿಂಗಳು, ಮನೆಯ ಹಿರಿಯರು, ನಾಲ್ಕು ಸೀಟಿನ ವಿಮಾನ, "ತಿಂಡಿ ಮುಗಿಸಿ ಆರಾಮಾಗಿ ಹತ್ತು ಗಂಟೆಗೆ ಕಲಬುರಗಿಯಿಂದ ಹೊರಡೋಣ". ನಿಮ್ಮ ಪ್ರಶ್ನೆ ಓದುತ್ತಾ ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಇದೇ ಪ್ಲಾನ್ ನಾನೂ ಮಾಡಿದ್ದೆ. ದುಡ್ಡು ಕೊಟ್ಟವನು ನಾನು. ವಿಮಾನ ಹತ್ತದೆ ನೆಲದ ಮೇಲೆ ಉಳಿದವನೂ ನಾನೇ.

ಕಲಬುರಗಿ ಗಂಜ್‌ನಲ್ಲಿ ನಮ್ಮದು ತೊಗರಿ ಅಡತಿ. ಊರು ಸೇಡಂ ರಸ್ತೆ ಕಡೆ. 2019ರ ನವೆಂಬರ್‌ನಲ್ಲಿ ಏರ್‌ಪೋರ್ಟ್ ಶುರುವಾಯಿತು. ಹಿಂದೆಯೇ ಪೈಲಟ್ ತರಬೇತಿ ಶಾಲೆಗಳೂ ಬಂದವು. ಹುಡುಗರು ಕಲಿಯುವ ಸಣ್ಣ ವಿಮಾನಗಳು ನಮ್ಮ ಹೊಲದ ಮೇಲೆ ಗಿರಕಿ ಹೊಡೆಯತೊಡಗಿದವು. ಅವ್ವ ಕಳೆ ತೆಗೆಯುವುದು ಬಿಟ್ಟು ಕುಡುಗೋಲು ಹಿಡಿದ ಕೈಯನ್ನೇ ಹಣೆಗೆ ಅಡ್ಡ ಇಟ್ಟು ನೋಡುತ್ತಾ ನಿಲ್ಲುತ್ತಿದ್ದಳು. "ದೊಡ್ಡ ಇಮಾನ ಬ್ಯಾಡಪ್ಪ. ಇಂಥ ಸಣ್ಣದರಾಗ ಒಂದ್ ಸಲ ಕೂಡಬೇಕು" ಅಂದಿದ್ದಳು. ಆ ವರ್ಷ ತೊಗರಿಗೆ ಒಳ್ಳೆ ರೇಟ್ ಬಂದಿತ್ತು. ಆಗಲಿ ಅಂದೆ.

ಮೊದಲು ಒಬ್ಬ ಪರಿಚಯದವರು "ನಮ್ಮವರದ್ದೇ ಒಂದು ವಿಮಾನ ಇದೆ, ಎಣ್ಣೆ ಖರ್ಚು ಕೊಟ್ಟರೆ ಸಾಕು" ಅಂದರು. ನಿಮಗೂ ಯಾರಾದರೂ ಹೀಗೆ ಹೇಳಿಯೇ ಹೇಳುತ್ತಾರೆ. ಬೇಡ. ಸ್ವಂತಕ್ಕೆ ಅಂತ ನೋಂದಣಿ ಆದ ವಿಮಾನದಲ್ಲಿ ದುಡ್ಡು ತಗೊಂಡು ಜನರನ್ನು ಕೂರಿಸುವಂತಿಲ್ಲ. ಬಾಡಿಗೆಗೆ ಓಡಿಸುವವರಿಗೆ ಡಿಜಿಸಿಎಯ, ಅಂದರೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ, ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಇರಬೇಕು. ಕಾರಿಗೆ ಬಿಳಿ ಬೋರ್ಡ್, ಹಳದಿ ಬೋರ್ಡ್ ಇದ್ದ ಹಾಗೆ ಅಂದುಕೊಳ್ಳಿ. ಪರ್ಮಿಟ್‌ನ ಕಾಪಿ ಕೇಳಿ, ಕೇಳಲು ನಾಚಿಕೆ ಬೇಡ.

ನಾನು ಪರ್ಮಿಟ್ ಇದ್ದವರನ್ನೇ ಹುಡುಕಿದೆ. ವಿಮಾನ ಹೈದರಾಬಾದಿನಿಂದ ಬರಬೇಕು. ಮೀಟರ್ ಅಲ್ಲಿಂದಲೇ ಓಡುತ್ತದೆ. ಬರಲು ಹತ್ತಿರ ಹತ್ತಿರ ಒಂದು ಗಂಟೆ, ವಾಪಸ್ ಹೋಗಲು ಒಂದು ಗಂಟೆ, ಎರಡೂ ಖಾಲಿ, ಎರಡೂ ನನ್ನ ಲೆಕ್ಕಕ್ಕೆ. ನಾವು ಕೂತು ನೋಡುವುದು ಒಂದೂವರೆ ಗಂಟೆ. ಇದು ಅನ್ಯಾಯ ಅಲ್ಲ, ದೂರದಿಂದ ಲಾರಿ ತರಿಸಿದರೂ ಹಿಂದಿನ ಖಾಲಿ ಬಾಡಿಗೆ ಕೊಡುತ್ತೇವಲ್ಲ. ಆದರೆ ಕೊಟೇಶನ್‌ನ ಕೊನೆಯಲ್ಲಿ ಒಂದು ಸಾಲಿತ್ತು: ವಿಮಾನ ಹಿಂದಿನ ಸಂಜೆಯೇ ಬಂದು ಕಲಬುರಗಿಯಲ್ಲಿ ರಾತ್ರಿ ನಿಂತರೆ ಪಾರ್ಕಿಂಗ್, ಪೈಲಟ್‌ನ ಹೋಟೆಲ್, ಊಟ, ಎಲ್ಲ ಸೇರಿ 18,000 ಹೆಚ್ಚು.

ನಾನು ಆ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿದೆ.

ಕೆಡಿಸಿಕೊಂಡದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾಗಬೇಡಿ, ಯಾಕಂದರೆ ನೀವೂ "ಹತ್ತು ಗಂಟೆಗೆ" ಅಂತ ಬರೆದಿದ್ದೀರಿ.

ವಿಮಾನ ಅವತ್ತೇ ಬೆಳಿಗ್ಗೆ ಹೈದರಾಬಾದ್ ಬಿಟ್ಟು ಬಂತು. ಇಳಿಯುವಾಗ ಹತ್ತು ಆಗಿತ್ತು. ಕಾಗದ, ಸೆಕ್ಯುರಿಟಿ, ಫ್ಲೈಟ್ ಪ್ಲಾನ್, ವಾಯುಪಡೆಯ ಕಡೆಯಿಂದ ಬರುವ ಕ್ಲಿಯರೆನ್ಸ್ ನಂಬರ್, ಇಷ್ಟೆಲ್ಲ ಆಗುವಷ್ಟರಲ್ಲಿ ಹನ್ನೊಂದು ದಾಟಿತು. ಹೊರಗೆ 41 ಡಿಗ್ರಿ. ನಮಗೆ ಅದೇನು ದೊಡ್ಡ ಮಾತಲ್ಲ. ಮೇ ತಿಂಗಳಲ್ಲಿ 41 ಅಂದರೆ ಕಲಬುರಗಿಯವರು "ಇವತ್ತು ತುಸು ತಂಪದ" ಅನ್ನುವವರು.

ವಿಮಾನಕ್ಕೆ ಅದು ದೊಡ್ಡ ಮಾತು. ಗಾಳಿ ಕಾದಷ್ಟೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ, ಮುಂದಿನ ಫ್ಯಾನಿಗೆ ಹಿಡಿತ ಕಡಿಮೆ, ಎಂಜಿನ್‌ಗೆ ಉಸಿರೂ ಕಡಿಮೆ. ಮೂರೂ ಒಟ್ಟಿಗೆ. ಪೈಲಟ್‌ಗಳು ಇದನ್ನು ಎತ್ತರದ ಲೆಕ್ಕದಲ್ಲಿ ಹೇಳುತ್ತಾರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಮೇಲಿದೆ. ಆ ಎತ್ತರಕ್ಕೆ ಪುಸ್ತಕದ ಪ್ರಕಾರ ಇರಬೇಕಾದ ಉಷ್ಣತೆ 12 ಡಿಗ್ರಿ. ಅದಕ್ಕಿಂತ ಹೆಚ್ಚಿದ ಒಂದೊಂದು ಡಿಗ್ರಿಗೂ 120 ಅಡಿ ಕೂಡಿಸಬೇಕು. 41ರಲ್ಲಿ 12 ಕಳೆದರೆ 29. ಗುಣಿಸಿ, ಕೂಡಿಸಿ. ಹತ್ತಿರ ಹತ್ತಿರ 5,000 ಅಡಿ. ಅಂದರೆ ಸೇಡಂ ರಸ್ತೆಯ ಸಪಾಟು ನೆಲದಲ್ಲಿ ನಿಂತ ವಿಮಾನ, ತಾನು ನಂದಿಬೆಟ್ಟದ ತುದಿಗಿಂತ ಮೇಲೆ ನಿಂತಿದ್ದೇನೆ ಅಂದುಕೊಳ್ಳುತ್ತದೆ. ಅದೇ ಬೆಳಿಗ್ಗೆ ಆರೂವರೆಗೆ, 28 ಡಿಗ್ರಿ ಇದ್ದಾಗ ಹೊರಟಿದ್ದರೆ? 3,400 ಅಡಿ. ಈ 1,600 ಅಡಿ ವ್ಯತ್ಯಾಸಕ್ಕೆ ನಾನು 18,000 ಉಳಿಸಿದ್ದೆ.

ನಮಗೆ ಬಂದದ್ದು ಸೆಸ್ನಾ 172. ಸೀಟು ನಾಲ್ಕು, ಪೈಲಟ್ ಬಿಟ್ಟು ಮೂರು ಜನ. ಅಪ್ಪ, ಅವ್ವ, ನಾನು. ಸರಿಯಾಗಿಯೇ ಇದೆ ಅಂದುಕೊಂಡಿದ್ದೆ. ದಿನಾ ಕಾಟಾದ ಮುಂದೆ ಕೂತು ಚೀಲ ತೂಗಿಸುವವನು ನಾನು. ವಿಮಾನದ ವಿಷಯ ಬಂದಾಗ ತಲೆ ಎಣಿಸಿದೆ, ತೂಕ ಕೇಳಲೇ ಇಲ್ಲ! ಕ್ಯಾಪ್ಟನ್ ಕೇಳಿದರು. ಕೌಂಟರ್‌ನಲ್ಲಿ ಬ್ಯಾಗ್ ತೂಗುವ ಯಂತ್ರ ಇರುತ್ತದಲ್ಲ, ಅದರ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿದರು. ಅವ್ವ ಚಪ್ಪಲಿ ಬಿಟ್ಟು, ಸೆರಗು ಬಿಗಿ ಮಾಡಿಕೊಂಡು, ಗೋಡೆ ಹಿಡಿದು ಹತ್ತಿದಳು. "ನಾ ಏನ್ ತೊಗರಿ ಚೀಲ ಏನು?" ಅಂದಳು. ಕೆಂಪು ಅಂಕಿ 72 ತೋರಿಸಿತು. ಅಪ್ಪ 66. ನಾನು 84. ರೊಟ್ಟಿ, ಶೇಂಗಾ ಹಿಂಡಿ, ಎರಡು ನೀರಿನ ಕ್ಯಾನ್ ಇದ್ದ ಚೀಲ 14.

ಕ್ಯಾಪ್ಟನ್ ಒಂದು ಹಾಳೆಯ ಹಿಂದೆ ಲೆಕ್ಕ ಬರೆದು ತೋರಿಸಿದರು, ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ವಿಮಾನ ಒಟ್ಟು 1,157 ಕೆಜಿ ಮೀರುವಂತಿಲ್ಲ. ಬರೀ ವಿಮಾನದ್ದೇ 767. ಉಳಿದದ್ದು 390. ಅದರಲ್ಲಿ ಎಣ್ಣೆ 83 ಕೆಜಿ. ಈ ಸಣ್ಣ ಎಂಜಿನ್‌ಗೆ ದೊಡ್ಡ ವಿಮಾನದ ಎಣ್ಣೆ ನಡೆಯುವುದಿಲ್ಲ, ಏವ್‌ಗ್ಯಾಸ್ ಅಂತ ಬೇರೆ ಪೆಟ್ರೋಲ್ ಬೇಕು. ಇಲ್ಲಿ ತುಂಬಿಸಿಕೊಳ್ಳುವ ವ್ಯವಸ್ಥೆ ನಾವು ಮೊದಲೇ ಮಾಡಿರಲಿಲ್ಲ. ಹಾಗಾಗಿ ಹೈದರಾಬಾದಿಗೆ ವಾಪಸ್ ಹೋಗುವಷ್ಟು ಟ್ಯಾಂಕಿನಲ್ಲೇ ಇರಬೇಕು. ಕ್ಯಾಪ್ಟನ್ 82. ನಮಗೆ ಉಳಿದದ್ದು 225. ನಾವು ಮೂವರು 222. ರೊಟ್ಟಿ ಚೀಲ ಕಾರಿನಲ್ಲಿ ಬಿಟ್ಟರೆ ಮೂರು ಕೆಜಿ ಮಿಕ್ಕುತ್ತಿತ್ತು.

"ಬೆಳಿಗ್ಗೆ ಆಗಿದ್ದರೆ ಮೂವರನ್ನೂ ಕೂರಿಸುತ್ತಿದ್ದೆ. ಈಗ ಆಗಲ್ಲ. ಇನ್ನೂ 60 ಕೆಜಿ ಕಡಿಮೆ ಬೇಕು" ಅಂದರು ಹಿಂದಿಯಲ್ಲಿ. ನಾನು ವಾದ ಮಾಡಿದೆ. ರನ್‌ವೇ ಮೂರು ಕಿಲೋಮೀಟರ್‌ಗೂ ಜಾಸ್ತಿ ಇದೆ, ಇನ್ನೂ ಸ್ವಲ್ಪ ಓಡಿಸಿ ಏಳಿಸಿ ಅಂದೆ. ಅವರು ಸಿಟ್ಟಾಗಲಿಲ್ಲ. ನೆಲ ಬಿಡುವುದು ಕಷ್ಟ ಅಲ್ಲ, ಆಮೇಲೆ ಏರುವುದು ಕಷ್ಟ ಅಂದರು. ಸಮುದ್ರಮಟ್ಟದ ತಂಪು ಗಾಳಿಯಲ್ಲಿ ತುಂಬಿದ ವಿಮಾನ ನಿಮಿಷಕ್ಕೆ 730 ಅಡಿ ಏರುತ್ತದೆ ಅಂತ ಪುಸ್ತಕದಲ್ಲಿದೆ. ಇಲ್ಲಿ ಈ ಹೊತ್ತಿನಲ್ಲಿ ಅದು ಎಷ್ಟೋ ಕಡಿಮೆ. ಅದರ ಮೇಲೆ ಕಾದ ಎರೆಭೂಮಿಯಿಂದ ಏಳುವ ಗಾಳಿ ಒಂದು ಕಡೆ ಎತ್ತಿದರೆ ಪಕ್ಕದಲ್ಲೇ ಕೆಳಗೆ ತಳ್ಳುತ್ತದೆ. ಮೇ ತಿಂಗಳ ನಡು ಮಧ್ಯಾಹ್ನ ನಮ್ಮ ಹಮಾಲರೂ ಬೆಳಗಿನಷ್ಟು ಚೀಲ ಹೊರುವುದಿಲ್ಲ, ನಾನು ಒತ್ತಾಯವೂ ಮಾಡುವುದಿಲ್ಲ. ಸುಮ್ಮನಾದೆ. ಮನುಷ್ಯ ಮಾಡಿದ್ದು ಸರಿ. ನಿಮ್ಮ ಪೈಲಟ್ "ಏನಾಗಲ್ಲ, ಕೂರ್ರಿ" ಅಂದರೆ ಆಗ ಹೆದರಬೇಕು.

ಯಾರು ಇಳಿಯಬೇಕು? "ನೀವ್ ಅಪ್ಪ ಮಗ ಹೋಗ್ರಿ, ನಾ ಇಲ್ಲೇ ನೆಳ್ಳಾಗ ಕೂಡ್ತೀನಿ" ಅಂತ ಅವ್ವ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಯಾರ ಆಸೆಗೆ ಇದೆಲ್ಲ ಮಾಡಿದ್ದು? ನಾನು ಉಳಿದೆ. ಒಂದು ಖಾಲಿ ಸೀಟಿಗೂ ದುಡ್ಡು ಕೊಟ್ಟು, ರೊಟ್ಟಿ ಚೀಲ ಹಿಡಿದುಕೊಂಡು ಪಾರ್ಕಿಂಗ್‌ನಲ್ಲಿ ನಿಂತೆ. ವಿಮಾನ ಬಿಸಿಲುಗುದುರೆಯ ಮೇಲೆ ಅಲುಗಾಡುತ್ತಾ ಓಡಿ ಎದ್ದಿತು. ಬಹಳ ಹೊತ್ತು ಕೆಳಗೇ ಇದ್ದ ಹಾಗೆ ಕಂಡಿತು. ಆಗ ಕ್ಯಾಪ್ಟನ್ ಮಾತು ಪೂರ್ತಿ ಅರ್ಥ ಆಯಿತು.

ಈ ಮುಂದಿನದ್ದು ಅಪ್ಪ ಅವ್ವ ಹೇಳಿದ್ದು. ದಾರಿ ಹೀಗಿತ್ತು: ಭೀಮಾ ನದಿ ಹಿಡಿದು ಸನ್ನತಿ ಕಡೆ, ಅಲ್ಲಿಂದ ಶಹಾಪುರ, ಆಮೇಲೆ ನಾರಾಯಣಪುರದ ಬಸವಸಾಗರ ಅಣೆಕಟ್ಟು, ವಾಪಸ್. ಬೀದರ್ ಮೊದಲೇ ಕೈಬಿಟ್ಟಿತ್ತು. ಅದು ವಾಯುಪಡೆಯ ನೆಲೆ, ಪೈಲಟ್‌ಗಳ ತರಬೇತಿ ಅಲ್ಲೇ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ ತಂಡವೂ ಅಲ್ಲಿಯದ್ದೇ. ಅಂಥ ಕಡೆ "ಸುಮ್ನೆ ಕೋಟೆ ಮೇಲೆ ಎರಡು ಸುತ್ತು ಹಾಕಿ ಬರ್ತೀವಿ" ಅನ್ನಲು ಬರುವುದಿಲ್ಲ. ನಾವು ಕೇಳಿದ ದಿನಕ್ಕೆ ಅನುಮತಿ ಸಿಗಲಿಲ್ಲ. ನಿಮ್ಮ ಪಟ್ಟಿಯಲ್ಲಿ ಬೀದರ್ ಮೊದಲನೆಯದು, ಅದಕ್ಕೇ ಇಷ್ಟು ಹೇಳಿದೆ.

ಅವ್ವ ಹೇಳಿದ್ದು: "ಭೀಮಾ ಅಂದ್ರ ಬರೇ ಉಸುಕು." ಮೇ ತಿಂಗಳಲ್ಲಿ ಇನ್ನೇನು ಇರುತ್ತದೆ? ತೊಗರಿ ಡಿಸೆಂಬರ್, ಜನವರಿಗೆ ಕೊಯ್ದು ಮುಗಿದಿರುತ್ತದೆ. ಹೊಲ ಎಲ್ಲ ಬೋಳು, ಕಪ್ಪು. ಮೇಲೆ ಧೂಳಿನ ಮಬ್ಬು, ದೂರದ್ದು ಏನೂ ಕಾಣುವುದಿಲ್ಲ. ಶಹಾಪುರ ಬರುವ ಹೊತ್ತಿಗೆ ವಿಮಾನ ಮೊರದಲ್ಲಿ ಕಾಳು ಹಾರಿಸಿದ ಹಾಗೆ ಹಾರಿಸುತ್ತಿತ್ತಂತೆ. ಅವ್ವ ಕಾಗದದ ಚೀಲದಲ್ಲಿ ಮುಖ ಇಟ್ಟಿದ್ದಳು. ಕ್ಯಾಪ್ಟನ್ ಕೈ ಮಾಡಿ "ಬುದ್ಧ, ಬುದ್ಧ" ಅಂದರಂತೆ. ಅಪ್ಪ ಬಗ್ಗಿ ನೋಡಿದರೆ ಕೆಳಗೆ ಬರೀ ಬಂಡೆ.

ಇದನ್ನು ನೀವೂ ಯೋಚನೆ ಮಾಡಿ ನೋಡಿ. ಶಹಾಪುರದ ಬುದ್ಧ ಮಲಗಿದ ಬೆಟ್ಟ ನೋಡಬೇಕು ಅಂತ ಬರೆದಿದ್ದೀರಿ. ಬುದ್ಧ ಮಲಗಿದ ಹಾಗೆ ಕಾಣುವುದು ನೆಲದ ಮೇಲೆ ನಿಂತು, ಪಕ್ಕದಿಂದ, ಆಕಾಶದ ಎದುರು ಬೆಟ್ಟದ ಅಂಚು ನೋಡಿದಾಗ. ಹಣೆ, ಮೂಗು, ಗದ್ದ, ಎದೆ ಎಲ್ಲ ಆ ಅಂಚಿನಲ್ಲೇ ಇರುವುದು. ನೆತ್ತಿಯ ಮೇಲೆ ಹೋದರೆ ಮೂಗೂ ಇಲ್ಲ, ಗದ್ದವೂ ಇಲ್ಲ. ವಿಮಾನದಲ್ಲಿ ಹೋಗಿ ನೋಡಲು ಇದಕ್ಕಿಂತ ತಪ್ಪು ಜಾಗ ಕಲ್ಯಾಣ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ನಾನೇ ಆರಿಸಿದ್ದೆ.

ನಾರಾಯಣಪುರಕ್ಕೆ ಹೋಗಲೇ ಇಲ್ಲ, ಅವ್ವನ ಸ್ಥಿತಿ ನೋಡಿ ಅಲ್ಲಿಂದಲೇ ತಿರುಗಿಸಿದರು. ಒಂದು ಗಂಟೆ ಆಗುವ ಮೊದಲೇ ವಾಪಸ್. ದುಡ್ಡು ಪೂರ್ತಿಯದ್ದು. ಅವ್ವ ಇಳಿದವಳೇ ರನ್‌ವೇ ಕಡೆ ತಿರುಗಿ ಕೈ ಮುಗಿದಳು. ವಿಮಾನಕ್ಕೋ ದೇವರಿಗೋ ಗೊತ್ತಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ವಿಮಾನವೋ ಹೆಲಿಕಾಪ್ಟರೋ ಅಂತ ಕೇಳಿದ್ದೀರಿ. ಬಿಸಿ ಗಾಳಿ ಎರಡಕ್ಕೂ ಒಂದೇ, ಅದು ಮುಖ್ಯ ಪ್ರಶ್ನೆ ಅಲ್ಲ. ಮೇ ತಿಂಗಳು ಯಾಕೆ ಅನ್ನುವುದು ಪ್ರಶ್ನೆ. ಮಕ್ಕಳ ರಜೆ ಅಂತೀರಿ. ದೀಪಾವಳಿ ರಜೆಯೂ ಇದೆಯಲ್ಲ? ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಹೋಗಿ. ಕೃಷ್ಣೆ, ಭೀಮೆಯಲ್ಲಿ ನೀರು ಇರುತ್ತದೆ, ಗಾಳಿ ತೊಳೆದ ಹಾಗೆ ಇರುತ್ತದೆ, ತೊಗರಿ ಹೂಬಿಟ್ಟು ಹೊಲಗಳು ಹಳದಿ ಆಗಿರುತ್ತವೆ. ಮೇಲಿನಿಂದ ನೋಡಬೇಕಾದದ್ದು ನನ್ನ ಪ್ರಕಾರ ಅದು. ಜೊತೆಗೆ ಬಸವಸಾಗರದ ಹಿನ್ನೀರು. ಅಷ್ಟೇ.

ಬೀದರ್‌ಗೆ ರೈಲಿನಲ್ಲಿ ಹೋಗಿ. 2017ರಿಂದ ಕಲಬುರಗಿ ಬೀದರ್ ನಡುವೆ 110 ಕಿಲೋಮೀಟರ್ ರೈಲು ದಾರಿ ಇದೆ. ಕೋಟೆಯ ಕಂದಕ ಮೂರು ಸಾಲು, ಬಂಡೆಯನ್ನೇ ಕಡಿದು ಮಾಡಿದ್ದು. ಅಂಚಿಗೆ ನಿಂತು ಕೆಳಗೆ ಬಗ್ಗಿದರೆ ಉಳಿಯ ಕೆಲಸ ಎಷ್ಟು ಅಂತ ಗೊತ್ತಾಗುತ್ತದೆ. 1472ರ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಬಣ್ಣದ ಹೆಂಚುಗಳನ್ನು ಮೂರು ಅಡಿ ದೂರದಿಂದ ನೋಡಬೇಕು, ಮೂರು ಸಾವಿರ ಅಡಿಯಿಂದ ಅಲ್ಲ. ಕರೇಜ್ ಅಂತೂ ನೆಲದೊಳಗಿನ ನೀರಿನ ಸುರಂಗ, ಆಕಾಶದಿಂದ ಅದರದ್ದೇನು ಕಂಡೀತು?

ಶಹಾಪುರಕ್ಕೆ ನಾವು ಆಮೇಲೆ ಕಾರಿನಲ್ಲಿ ಹೋದೆವು. ರಸ್ತೆ ಪಕ್ಕ ನಿಲ್ಲಿಸಿ ರೊಟ್ಟಿ ಬಿಚ್ಚಿದಾಗ ಅವ್ವ ತಲೆ ಎತ್ತಿ, "ಅಲ್ಲೇ ಮಲಗ್ಯಾನಲ್ಲೋ! ಆವತ್ತ ಎಲ್ಲಿ ಹೋಗಿದ್ದ?" ಅಂದಳು.

ಅಡ್ವಾನ್ಸ್ ಆಗಲೇ ಕೊಟ್ಟಿದ್ದೀರಾ? ಬರೆದಿಲ್ಲ. ಕೊಟ್ಟಿದ್ದರೆ ಮೊದಲು ತಾರೀಖು ಮುಂದೆ ಹಾಕಲು ಕೇಳಿ. ಒಪ್ಪದಿದ್ದರೆ ವಿಮಾನವನ್ನು ಹಿಂದಿನ ಸಂಜೆಯೇ ತರಿಸಿ ರಾತ್ರಿ ನಿಲ್ಲಿಸಿಕೊಳ್ಳಿ, ಆ ದುಡ್ಡಿಗೆ ಚೌಕಾಸಿ ಮಾಡಬೇಡಿ. ಸೂರ್ಯ ಹುಟ್ಟಿದ ಕೂಡಲೇ ಹೊರಡುವ ಹಾಗೆ ಏರ್‌ಪೋರ್ಟ್ ತೆರೆಯುವ ಹೊತ್ತು ಮೊದಲೇ ಕೇಳಿಕೊಳ್ಳಲು ಹೇಳಿ. ಎಂಟೂವರೆ ಒಳಗೆ ಇಳಿದುಬಿಡಿ. ಹಿರಿಯರಿಗೆ ಹೊಟ್ಟೆ ತುಂಬ ತಿಂಡಿ ಕೊಡಬೇಡಿ, ಪೂರ್ತಿ ಉಪವಾಸವೂ ಬೇಡ. ಮತ್ತೆ ಇವತ್ತು ರಾತ್ರಿಯೇ ಮನೆಯವರೆಲ್ಲರ ತೂಕ, ಚೀಲದ್ದೂ ಸೇರಿಸಿ, ವಿಮಾನದವರಿಗೆ ಬರೆದು ಕಳಿಸಿ. ನಾಚಿಕೊಂಡು ಐದು ಕೆಜಿ ಕಡಿಮೆ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರನ್ನು ನೀವೇ ಕಾಟಾ ಮೇಲೆ ನಿಲ್ಲಿಸಿ ನೋಡಿ.