ನಲವತ್ತಲ್ಲ, ಹತ್ತು ಲಕ್ಷ

ಶಹಾಪುರದ ತರುಣ ಬರಹಗಾರರಿಗೆ ಕಲಬುರಗಿಯಿಂದ ಶರಣು.

ಫೋಟೋಮಲ್ಟಿಪ್ಲೈಯರ್, ಅಂದರೆ ಮಂದ ಬೆಳಕು ಎಬ್ಬಿಸಿದ ಎಲೆಕ್ಟ್ರಾನನ್ನು ಹಲವು ಪಟ್ಟು ಹೆಚ್ಚಿಸಿ ಅಳೆಯಲು ಸಿಗುವಂತೆ ಮಾಡುವ ಟ್ಯೂಬ್ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಇಂಥ ವಿಷಯ ಕನ್ನಡಕ್ಕೆ ಬೇಕು. ಆದರೆ ಎರಡನೇ ಪುಟದ ಈ ಸಾಲು ನನ್ನನ್ನು ಮುಂದೆ ಹೋಗಗೊಡಲಿಲ್ಲ:

‘ಒಂದೊಂದು ಡೈನೋಡ್ ನಾಲ್ಕು ಎಲೆಕ್ಟ್ರಾನ್ ಸೇರಿಸುತ್ತದೆ, ಹತ್ತು ಡೈನೋಡ್ ದಾಟುವಷ್ಟರಲ್ಲಿ ನಲವತ್ತಾಗುತ್ತವೆ.’

ಸೇರಿಸುವುದಿಲ್ಲ, ಗುಣಿಸುತ್ತದೆ! ಡೈನೋಡ್ ಅಂದರೆ ಟ್ಯೂಬಿನೊಳಗೆ ಒಂದರ ನಂತರ ಒಂದರಂತೆ ಇರುವ ತಟ್ಟೆ. ಪಕ್ಕಪಕ್ಕದ ಡೈನೋಡ್‌ಗಳ ನಡುವೆ ಸುಮಾರು 100 ವೋಲ್ಟ್ ವ್ಯತ್ಯಾಸವಿರುತ್ತದೆ. ಆ ಸೆಳೆತಕ್ಕೆ ವೇಗ ಪಡೆದ ಎಲೆಕ್ಟ್ರಾನ್ ಲೇಪನವಿರುವ ತಟ್ಟೆಗೆ ಬಡಿದು ಸರಾಸರಿ ನಾಲ್ಕನ್ನು ಎಬ್ಬಿಸುತ್ತದೆ. ಆ ನಾಲ್ಕರಲ್ಲಿ ಒಂದೊಂದೂ ಮುಂದಿನ ತಟ್ಟೆಯಲ್ಲಿ ಮತ್ತೆ ನಾಲ್ಕನ್ನು. 4, 16, 64, 256. ಹತ್ತನೆಯ ತಟ್ಟೆಗೆ 10,48,576. ನಿಮ್ಮ ತೊಗರಿಯ ಹೋಲಿಕೆ ನಮ್ಮ ನೆಲದ್ದೇ, ಆದರೆ ನೀವು ರಾಶಿ ಮಾಡಿ ಚೀಲ ಎಣಿಸಿದಿರಿ. ಬೆಳೆದ ಕಾಳನ್ನೆಲ್ಲ ಮರುವರ್ಷ ಬಿತ್ತಿ, ಬಂದದ್ದನ್ನು ಮತ್ತೆ ಬಿತ್ತಬೇಕಿತ್ತು.

ನಾನು ಬರೆಯಲು ಕಲಿಯುವಾಗ ಹಿರಿಯರು ಪ್ರತಿ ಅಂಕಿಯ ಲೆಕ್ಕವನ್ನೂ ಹಾಳೆಯ ಅಂಚಿನಲ್ಲಿ ಮಾಡಿಸುತ್ತಿದ್ದರು. ಇಲ್ಲಿ ಮಾಡಿ ನೋಡಿ. ಹತ್ತು ಲಕ್ಷ ಎಲೆಕ್ಟ್ರಾನ್ 5 ನ್ಯಾನೊಸೆಕೆಂಡಿನಲ್ಲಿ ಕೊನೆಗೆ ಅವನ್ನು ಹಿಡಿಯುವ ಆನೋಡ್ ತಲುಪಿದರೆ ಸುಮಾರು 32 ಮೈಕ್ರೊಆಂಪಿಯರ್; 50 ಓಮ್ ಮೇಲೆ 1.6 ಮಿಲಿವೋಲ್ಟ್. ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿಗೆ ಕಾಣುತ್ತದೆ. ನಿಮ್ಮ ನಲವತ್ತಕ್ಕೆ ಸಿಗುವುದು 64 ನ್ಯಾನೊವೋಲ್ಟ್. ಸರ್ಕ್ಯೂಟಿನ ಗದ್ದಲದಲ್ಲೇ ಮುಳುಗುತ್ತದೆ.

ಇನ್ನೊಂದು ಸಾಲು: ‘ವೋಲ್ಟೇಜ್ ಏರಿಸಿದಷ್ಟೂ ಒಳ್ಳೆಯದು.’ ಇದನ್ನು ನಂಬಿ ಯಾರಾದರೂ ಟ್ಯೂಬ್ ಹಾಳುಮಾಡಿಕೊಂಡಾರು. ಹತ್ತು ಡೈನೋಡಿನ ಟ್ಯೂಬಿನಲ್ಲಿ ವರ್ಧನೆ (ಒಂದು ಎಲೆಕ್ಟ್ರಾನ್ ಕೊನೆಗೆ ಎಷ್ಟಾಗುತ್ತದೆ ಎಂಬುದು) ಸರಿಸುಮಾರು ವೋಲ್ಟೇಜಿನ ಏಳನೇ ಘಾತದಂತೆ ಏರುತ್ತದೆ. 1% ವೋಲ್ಟೇಜ್ ಅಲುಗಿದರೆ ವರ್ಧನೆ 7% ಅಲುಗುತ್ತದೆ, ಅದಕ್ಕೇ ಪವರ್ ಸಪ್ಲೈ ಸ್ಥಿರವಾಗಿರಬೇಕು. ಮೇಲಾಗಿ, ಬೆಳಕು ಬಿದ್ದಾಗ ಎಲೆಕ್ಟ್ರಾನ್ ಬಿಡುವ ಕ್ಯಾಥೋಡ್ ಪೂರ್ತಿ ಕತ್ತಲಲ್ಲೂ ಬಿಸಿಯಿಂದಲೇ ಆಗೊಂದು ಈಗೊಂದು ಎಲೆಕ್ಟ್ರಾನ್ ಬಿಡುತ್ತದೆ. ಟ್ಯೂಬ್ ಅದನ್ನೂ ಅಷ್ಟೇ ನಿಷ್ಠೆಯಿಂದ ಹತ್ತು ಲಕ್ಷ ಮಾಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಈ ಸುಳ್ಳು ಎಣಿಕೆ ಇನ್ನೂ ಹೆಚ್ಚು. ಅದನ್ನು ತಗ್ಗಿಸುವುದು ತಂಪು, ಹೆಚ್ಚುವರಿ ವೋಲ್ಟ್ ಅಲ್ಲ. ಮಿತಿ ಮೀರಿ ಏರಿಸಿದರೆ ಒಳಗೆ ಉಳಿದ ಅನಿಲದ ಅಯಾನುಗಳು (ವಿದ್ಯುದಾವೇಶ ಪಡೆದ ಕಣಗಳು) ಹಿಂದಕ್ಕೆ ಓಡಿ ಕ್ಯಾಥೋಡಿಗೆ ಬಡಿದು ಹುಸಿ ಮಿಡಿತ ಹುಟ್ಟಿಸುತ್ತವೆ. ವೋಲ್ಟೇಜ್ ಇರುವಾಗ ಕೋಣೆಯ ದೀಪದ ಬೆಳಕು ಒಳಹೊಕ್ಕರಂತೂ ಟ್ಯೂಬ್ ಕೆಡುತ್ತದೆ. ಈ ಎಚ್ಚರಿಕೆ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಈ ಎರಡು ಸಾಲು ತಿದ್ದಿ, ಡೈನೋಡ್‌ಗಳಿಗೆ ವೋಲ್ಟೇಜ್ ಹಂಚುವ ರೆಸಿಸ್ಟರ್ ಸರಪಳಿಯ ಚಿತ್ರವೊಂದನ್ನು ಕೈಯಿಂದಲೇ ಬರೆದು ಜೊತೆಗಿಟ್ಟು ಕಳಿಸಿ. ಲೆಕ್ಕ ಹಾಕಿದ ಹಾಳೆಯೂ ಬರಲಿ.