ಮೈಸೂರು ಕಡೆ ಕಾರ್ಖಾನೆಗಳಲ್ಲಿ ಸ್ಥಳೀಯರಿಗೂ ಹೊರಗಿನವರಿಗೂ ಕೆಲಸದ ಜಗಳ ಯಾಕೆ?

ಈ ಜಗಳ ಹೊಸದಲ್ಲ. ರಾಜರ ಕಾಲದಲ್ಲೇ ಮದ್ರಾಸಿನಿಂದ ಬಂದ ಅಧಿಕಾರಿಗಳ ವಿರುದ್ಧ 'ಮೈಸೂರು ಮೈಸೂರಿಗರಿಗೆ' ಎಂಬ ಕೂಗು ಎದ್ದಿತ್ತು.

ಈಗ ನಂಜನಗೂಡಿನಂಥ ಕೈಗಾರಿಕಾ ಪ್ರದೇಶದಲ್ಲಿ ಜಮೀನು ಕೊಟ್ಟ ರೈತನ ಮಗ ಗೇಟಿನೊಳಗೆ ಕೆಲಸ ಕೇಳುತ್ತಾನೆ. ಅದು ನ್ಯಾಯ ಅಲ್ವಾ? ಆದರೆ ಕಾರ್ಖಾನೆಗೆ ಕೆಲಸಗಾರರನ್ನು ಒದಗಿಸುವ ಗುತ್ತಿಗೆದಾರನಿಗೆ ಬೇಕಾಗಿರುವುದು ಶೆಡ್ಡಿನಲ್ಲೇ ಉಳಿದು, ಓವರ್‌ಟೈಮ್ ಜಾಸ್ತಿ ಮಾಡಿ, ಹಬ್ಬಕ್ಕೂ ರಜೆ ಕೇಳದವರು. ದೂರದೂರಿಂದ ಬಂದವರಿಗೆ ಎದುರು ಮಾತಾಡಿದರೆ ಕೆಲಸ ಹೋಗುವ ಭಯ. ಆ ಭಯವನ್ನೇ ಅವನು ಬಳಸಿಕೊಳ್ಳುತ್ತಾನೆ. ಹಾಗಾಗಿ ಬಿಹಾರದ, ಒಡಿಶಾದ ಹುಡುಗರ ಮೇಲೆ ಸಿಟ್ಟು ಮಾಡುವುದು ತಪ್ಪು. ಪ್ರಶ್ನಿಸಬೇಕಾದ್ದು ಗುತ್ತಿಗೆ ಪದ್ಧತಿಯನ್ನು.

2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿತು. ಉದ್ಯಮಿಗಳು ವಿರೋಧಿಸಿದರು, ಸರ್ಕಾರ ಅದನ್ನು ತಡೆಹಿಡಿಯಿತು.